ಕಲ್ಲು ತುಂಬಿದ ಬಾವಿ

ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಹುಡುಗನಿಗೆ ಡೆಂಗಿ ಜ್ವರ ಬಂತು. ಪಪ್ಪಾಯಿ ಎಲೆಯ ರಸ ಕುಡಿಸಿದರೆ ಒಳ್ಳೆಯದೆಂದು ಯಾರೋ ಹೇಳಿದರಂತೆ, ಅವನ ತಾಯಿ ಕತ್ತಿ ಹಿಡಿದುಕೊಂಡು ನಮ್ಮ ಹಿತ್ತಿಲಿಗೆ ಬಂದಳು. ಎಲೆ ಮಾತ್ರ ಕೊಂಡುಹೋದಳು. ದಂಟುಗಳು ಅಂಗಳದ ಬದಿಯಲ್ಲೇ ಬಿದ್ದಿದ್ದವು. ಹೆಕ್ಕಿ ಗೊಬ್ಬರದ ಗುಂಡಿಗೆ ಹಾಕುವ ಅಂತ ಬಗ್ಗಿದೆ. ಮುರಿದ ತುದಿಯಿಂದ ಬಿಳಿ ಹಾಲು ಒಸರುತ್ತಿತ್ತು. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಬಗ್ಗಿದವನು ಹಾಗೆಯೇ ನಿಂತೆ. ಎಂದೋ ನಮ್ಮೂರ ಶಾಲೆಯಲ್ಲಿದ್ದ ಮಾಸ್ಟ್ರು ನನ್ನ ಬೆನ್ನ ಹಿಂದೆ ಬಂದು ನಿಂತ ಹಾಗಾಯಿತು...

ತಿರುಗಿ ನೋಡಲಿಲ್ಲ. ನೋಡಿದರೆ ಯಾರೂ ಇರುವುದಿಲ್ಲವೆಂದು ಗೊತ್ತು. ಹಿಂದೆಯೂ ಕೆಲವು ಸಲ ಹೀಗೆ ಆದದ್ದುಂಟು.

ಅವರು ನನಗೆ ಪಾಠ ಹೇಳಿದವರಲ್ಲ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವ. ಅಪ್ಪ ತೀರಿಕೊಂಡ ಮೇಲೆ ಪಿಕ್ಕಾಸು ಹಿಡಿದು ಬಾವಿ ತೋಡುವ ಕೆಲಸಕ್ಕೆ ಇಳಿದೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಬೆಳ್ಳಾರೆಯಿಂದ ಕಾಣಿಯೂರಿನವರೆಗೆ ಎಷ್ಟೋ ಮನೆಯವರು ಕುಡಿದದ್ದು ನಾನು ತೋಡಿದ ಬಾವಿಯ ನೀರು. ನನ್ನ ಒಂದೇ ಒಂದು ಬಾವಿಯ ಗೋಡೆ ಕುಸಿದಿಲ್ಲ. ಮಾಸ್ಟ್ರು ನಮ್ಮೂರಿಗೆ ಬಂದಾಗ ನಾನು ಮೀಸೆ ಹೊತ್ತ ಪ್ರಾಯದವನು. ಮದ್ರಾಸು ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊಸತು. ಸುಳ್ಯ, ಕಡಬ ಎಲ್ಲ ಆಗ ಪುತ್ತೂರು ತಾಲೂಕೇ. ಅವರು ಘಟ್ಟದ ಮೇಲಿನವರು. ನಾವು 'ಉಂಟು' ಅಂದರೆ ಅವರು 'ಇದೆ' ಅನ್ನುತ್ತಿದ್ದರು. ಶಾಲೆಗೆ ಹತ್ತಿರವೆಂದು ನಮ್ಮ ಮನೆಯ ಹೊರಗಿನ ಕೋಣೆಯಲ್ಲಿ ಉಳಿದುಕೊಂಡರು. ಊಟವೂ ನಮ್ಮಲ್ಲೇ. ನಮ್ಮ ಅಮ್ಮ ಕುಚ್ಚಲಕ್ಕಿ ಗಂಜಿ ಬಡಿಸಿದರೆ ಮೊದಲ ದಿನ ಪಾಪದವರು ಅನ್ನ ಎಲ್ಲಿ ಎಂದು ಹುಡುಕಿದ್ದರು.

ಊರಿನಲ್ಲಿ ಮಾಸ್ಟ್ರುಗಳೆಂದರೆ ಬೆತ್ತ. ಇವರ ಕೈಯಲ್ಲಿ ಬೆತ್ತ ಇರಲಿಲ್ಲ, ಯಾವಾಗ ನೋಡಿದರೂ ಒಂದು ಡಬ್ಬವೋ ಬಾಟ್ಲಿಯೋ ಇರುತ್ತಿತ್ತು. ಕಾಣಿಯೂರಿನಲ್ಲಿ ಬ್ಯಾರಿಯವರ ಅಂಗಡಿಯೊಂದಿತ್ತು. ಅಲ್ಲಿಂದ ಬಿರುಕು ಬಿಟ್ಟ ಲಾಟೀನಿನ ಗಾಜು, ತಳ ಒಡೆದ ಔಷಧದ ಬಾಟ್ಲಿ ಎಲ್ಲ ಕೇಳಿ ತರುತ್ತಿದ್ದರು. ಆ ಅಂಗಡಿಯವರು, "ಮಾಸ್ಟ್ರೇ, ಗಿರಾಕಿಗಳು ಒಳ್ಳೆ ಸಾಮಾನು ಕೇಳ್ತಾರೆ, ನೀವೊಬ್ರು ಒಡೆದದ್ದು ಉಂಟಾ ಅಂತ ಕೇಳುದು" ಎಂದು ನಗುತ್ತಿದ್ದರು.

ಆ ವರ್ಷ ಶಾಲೆಯ ಬಾವಿಯನ್ನು ಇನ್ನಷ್ಟು ಆಳ ಮಾಡುವ ಕೆಲಸ ನನಗೆ ಬಂತು. ಮಧ್ಯಾಹ್ನ ಗಂಜಿ ಉಂಡು ಶಾಲೆಯ ಜಗಲಿಯ ತುದಿಯಲ್ಲಿ ಒರಗುತ್ತಿದ್ದೆ. ಒಳಗೆ ಪಾಠ. ಕೇಳಬೇಕೆಂದು ಕೂತದ್ದಲ್ಲ, ಕಿವಿಗೆ ಬೀಳುತ್ತಿತ್ತು. ಒಂದು ದಿನ ಹಾಲಿನ ಪುಡಿಯ ಡಬ್ಬಕ್ಕೆ ಒಂದರ ಕೆಳಗೊಂದು ತೂತು ಮಾಡಿ ನೀರು ತುಂಬಿಸಿ ಜಗಲಿಗೆ ತಂದಿಟ್ಟರು. ಮೇಲಿನ ತೂತಿನ ನೀರು ಡಬ್ಬದ ಬುಡದಲ್ಲೇ ಬಿತ್ತು, ಕೆಳಗಿನದ್ದು ದೂರಕ್ಕೆ ಚಿಮ್ಮಿತು. "ಮೇಲೆ ಎಷ್ಟು ಎತ್ತರ ನೀರು ಕೂತಿದೆಯೋ ಅಷ್ಟು ಒತ್ತುತ್ತೆ. ಡಬ್ಬ ಅಗಲ ಇದ್ರೂ ಅಷ್ಟೇ, ಸಪೂರ ಇದ್ರೂ ಅಷ್ಟೇ. ನೀರಿಗೆ ಪಾತ್ರೆಯ ಹೊಟ್ಟೆ ಗೊತ್ತಿಲ್ಲ, ಎತ್ತರ ಮಾತ್ರ ಗೊತ್ತು" ಅಂದರು. ಬಾವಿಯ ತಳದಲ್ಲಿ ನಿಂತು ಅಗೆಯುವಾಗ ಗೋಡೆಯ ಬುಡದ ಒರತೆ ಯಾಕೆ ಅಷ್ಟು ಜೋರಾಗಿ ಕಾಲಿಗೆ ಹೊಡೆಯುತ್ತದೆಂದು ನನಗೆ ಆ ದಿನ ಅರ್ಥವಾಯಿತು. ಶಾಲೆ ಬಿಟ್ಟದ್ದಕ್ಕೆ ನಾನು ದುಃಖಪಟ್ಟವನಲ್ಲ. ಆ ಒಂದು ದಿನ ಮಾತ್ರ ಸ್ವಲ್ಪ ಹೊಟ್ಟೆ ಉರಿಯಿತು, ಆ ಮಕ್ಕಳನ್ನು ನೋಡಿ.

ಶಾಲೆಯ ಬಾವಿ ಊರಿನ ಧಣಿಗಳ ಜಾಗದಲ್ಲಿತ್ತು. ಶಾಲೆಗೆ ಜಾಗ ಬಿಟ್ಟುಕೊಟ್ಟವರೂ ಅವರೇ. ನಮ್ಮ ಮನೆಗೂ ನೀರು ಅಲ್ಲಿಯದೇ. ಅಲ್ಲಿಂದ ಒಂದು ಕೂಗಳತೆ ಕೆಳಗೆ, ಗುಡ್ಡೆಯ ಬುಡದಲ್ಲಿ, ಮುಟ್ಟಬಾರದವರೆಂದು ಊರು ದೂರವಿಟ್ಟಿದ್ದ ಕೆಲವು ಮನೆಗಳು. ಕೆಳಮನೆಗಳು ಅನ್ನುತ್ತಿದ್ದೆವು. ಅವರ ಕೊಡ ಶಾಲೆಯ ಬಾವಿಗೆ ಇಳಿಯುವ ಹಾಗಿಲ್ಲ. ಅವರ ಮಕ್ಕಳು ಶಾಲೆಗೆ ಬರುತ್ತಿದ್ದರು, ಬಾಯಾರಿದರೆ ಗುಡ್ಡೆ ಇಳಿದು ಓಡುತ್ತಿದ್ದರು. ಅವರಿಗೊಂದು ಬೇರೆ ಬಾವಿಯಿತ್ತು. ಅದನ್ನು ತೋಡಿಕೊಟ್ಟವನೂ ನಾನೇ. ತಗ್ಗಾದ್ದರಿಂದ ಅಲ್ಲಿ ನೀರು ಮೇಲೆಯೇ ಸಿಕ್ಕಿತ್ತು, ಬೇಸಿಗೆಯಲ್ಲೂ ಗಿಡ್ಡ ಹಗ್ಗ ಸಾಕು. ಇದೆಲ್ಲ ಸರಿಯಾ ಎಂದು ಕೇಳಬೇಕೆಂದು ನಮಗೆ ಹೊಳೆದಿರಲಿಲ್ಲ. ಹಾಗೆ ಮಾಡಬಾರದೆಂದು ಕಾನೂನು ಬಂದಿತ್ತಂತೆ. ಪುತ್ತೂರಿನವರೆಗೆ ಬಂದಿತ್ತೋ ಏನೋ, ನಮ್ಮ ಗುಡ್ಡೆ ಹತ್ತಿರಲಿಲ್ಲ.

ಶಾಲೆಯ ಬಾವಿಯ ನೀರನ್ನು ಏತ ಹಾಕಿ ಎತ್ತಿ ಚೆಲ್ಲುತ್ತಿದ್ದೆವು, ತಳ ಅಗೆಯಬೇಕಲ್ಲ. ಒಂದು ದಿನ ಕೆಳಮನೆಯ ಅಜ್ಜಿ ಗುಡ್ಡೆ ಹತ್ತಿ ಬಂದು ದೂರದಲ್ಲೇ ನಿಂತು ಕೂಗಿತು. "ಎಂತ ಮಾರಾಯ, ನೀನು ಮೇಲೆ ನೀರು ಎತ್ತುವಾಗ ನಮ್ಮ ಬಾವಿ ಇಳಿತದಲ್ಲ! ಮಾಟ ಗೀಟ ಮಾಡ್ತಿಯಾ ಹೇಗೆ?" ನಾನು ನಗಾಡಿದೆ. ಮಾಸ್ಟ್ರು ಮಾತ್ರ ಕೈಯಲ್ಲಿದ್ದ ಸೀಮೆಸುಣ್ಣವನ್ನು ಹಾಗೆಯೇ ಹಿಡಿದುಕೊಂಡು ಹೊರಗೆ ಓಡಿ ಬಂದರು. ಅಜ್ಜಿಯ ಜೊತೆ ಗುಡ್ಡೆ ಇಳಿದೇ ಬಿಟ್ಟರು. ಅಲ್ಲಿ ಕೋಲು ಇಳಿಸಿ ಗುರುತು ಹಾಕಿದರು. ಸಂಜೆ ಪುನಃ ಹೋಗಿ ನೋಡಿದರು. ನಮ್ಮ ಕಡೆಯ ನೆಲದಡಿಯ ಕೆಂಪು ಮುರಕಲ್ಲು ಒಳಗಿನಿಂದ ಗೆದ್ದಲಿನ ಗೂಡಿನ ಹಾಗೆ, ಎಲ್ಲ ತೂತು. ಎರಡು ಬಾವಿಗಳ ನೀರು ನೆಲದೊಳಗೆ ಒಂದೇ ಆಗಿತ್ತು.

ಆಮೇಲೆ ಅವರಿಗೆ ನಿದ್ದೆ ಇಲ್ಲ. ಲಾಟೀನಿನ ಗಾಜನ್ನೂ ಔಷಧದ ಬಾಟ್ಲಿಯನ್ನೂ ಮರದ ಹಲಗೆಯ ಮೇಲೆ ನಿಲ್ಲಿಸಿ, ಎರಡರ ಬುಡಕ್ಕೂ ಪಪ್ಪಾಯಿ ದಂಟನ್ನು ಸೇರಿಸಿ, ಸಂದಿಗೆ ಹಲಸಿನ ಮೇಣ ಮೆತ್ತಿದರು. ಬಾಟ್ಲಿಗೆ ನೀಲಿ ಕದಡಿದ ನೀರು ಹೊಯ್ದರೆ ದಂಟಿನೊಳಗೆ ಹರಿದು ಗಾಜಿನಲ್ಲಿ ಏರಿತು. ಗಾಜು ದಪ್ಪ, ಬಾಟ್ಲಿ ಸಪೂರ, ನೀರು ಎರಡರಲ್ಲೂ ಒಂದೇ ಮಟ್ಟ. "ಇದನ್ನು ಹಿರಿಯರಿಗೆ ತೋರಿಸಬೇಕು. ನೀರು ಒಂದೇ ಅಂತ ಕಣ್ಣಿಂದ ನೋಡಿದ ಮೇಲೆ ಆ ಮಕ್ಕಳು ಯಾಕೆ ಗುಡ್ಡ ಇಳಿಯಬೇಕು ಹೇಳಿ?" ಅಂದರು ನನ್ನಲ್ಲಿ. ನನಗೆ ಸರಿ ಕಂಡಿತು. ಲೆಕ್ಕ ಸರಿ ಇತ್ತಲ್ಲ.

ಒಂದು ಶನಿವಾರ ಧಣಿಗಳನ್ನೂ ಊರಿನ ಹಿರಿಯರನ್ನೂ ಶಾಲೆಗೆ ಕರೆದರು. ಮೊದಲು ಬಾಟ್ಲಿ, ಗಾಜು. ಆಮೇಲೆ ಬಾವಿಗಳನ್ನೇ ತೋರಿಸಿದರು. ನಾನು ಏತ ತುಳಿಸಿದೆ. ಕೆಳಗಿನ ಬಾವಿಯಲ್ಲಿ ಕೋಲಿನ ಗುರುತಿನಿಂದ ನೀರು ಇಳಿದದ್ದನ್ನು ಮಕ್ಕಳು ಕೂಗಿ ಹೇಳಿದರು. ಧಣಿಗಳು ಜಾಣರು, ಅಷ್ಟೇ ಮರ್ಯಾದೆಯವರು. ಬಾಯಿ ತುಂಬ ಎಲೆಯಡಿಕೆ ಇತ್ತು, ಎದ್ದು ಹೋಗಿ ಉಗುಳಿ ಬಂದು ಕೇಳಿದರು.

"ಮಾಸ್ಟ್ರೇ, ಬಾಟ್ಲಿಗೆ ಹಾಕಿದ ನೀಲಿ ಗಾಜಿಗೂ ಬಂತಲ್ಲ?"

"ಬರುತ್ತೆ. ಬರಲೇಬೇಕು."

"ಹಾಗಾದ್ರೆ ಕೆಳಗಿನವರ ಕೊಡ ಮುಳುಗಿದ ನೀರು ನಮ್ಮ ಬಾವಿಗೂ ಬರ್ತದೆ."

"ಇಷ್ಟು ವರ್ಷವೂ ಬಂದಿದೆ. ಯಾರಿಗೂ ಏನೂ ಆಗಿಲ್ಲ. ಅದನ್ನೇ ನಾನು ಹೇಳ್ತಿರೋದು."

ಧಣಿಗಳು ತಲೆದೂಗಿದರು. "ಒಳ್ಳೆ ಪಾಠ. ನಮಗೆ ಇದು ಗೊತ್ತೇ ಇರ್ಲಿಲ್ಲ" ಎಂದು ಕೈಮುಗಿದು ಹೊರಟರು. ಆ ದಿನ ಮಾಸ್ಟ್ರು ಇನ್ನೊಂದು ಸೌಟು ಗಂಜಿ ಹಾಕಿಸಿಕೊಂಡು ಉಂಡರು. "ನಿಮ್ಮೂರು ಒಳ್ಳೇದು ಅಮ್ಮ" ಅಂದರು. ಅಮ್ಮ ಸೌಟು ತೊಳೆಯಲು ಎದ್ದಳು. ಅವಳಿಗೆ ಊರು ಗೊತ್ತಿತ್ತು.

ವಾರ ಕಳೆಯುವ ಮೊದಲೇ ಮುರಕಲ್ಲಿನ ಚೂರುಗಳನ್ನು ಹೇರಿಕೊಂಡು ಗಾಡಿಗಳು ಗುಡ್ಡೆ ಇಳಿದವು. ಬೈಗುಳ ಇಲ್ಲ, ಗಲಾಟೆ ಇಲ್ಲ. ನನಗೂ ಹೇಳಿ ಕಳಿಸಿದ್ದರು. ತೋಡುವುದು ಮಾತ್ರ ನನ್ನ ಕೆಲಸ ಎಂದು ಹೇಳಿ ಕಳಿಸಿದೆ. ಬೇರೆಯವರು ಸಿಕ್ಕಿದರು, ಸಿಗುತ್ತಾರೆ. ಮಧ್ಯಾಹ್ನದೊಳಗೆ ಕೆಳಮನೆಗಳ ಬಾವಿ ಕಟ್ಟೆಯವರೆಗೆ ಕಲ್ಲಾಗಿತ್ತು. ಕಲ್ಲು ನೀರಿಗೆ ಬೀಳುವ ಸದ್ದು ಶಾಲೆಗೆ ಕೇಳುತ್ತಿತ್ತು. ಮೊದಲು ಗುಳುಂ ಗುಳುಂ ಎಂದು, ಆಮೇಲೆ ಕಲ್ಲಿನ ಮೇಲೆ ಕಲ್ಲು.

ಮಾಸ್ಟ್ರು ಧಣಿಗಳ ಮನೆಗೆ ಓಡಿದರು, ಹಿಂದೆ ನಾನೂ ಹೋದೆ. ಮೆಟ್ಟಿಲಲ್ಲಿ ನಿಂತು ಏನೇನೋ ಅಂದರು. ಧಣಿಗಳು ಸ್ವರ ಏರಿಸಲಿಲ್ಲ. "ಕೋಪ ಎಂತಕ್ಕೆ ಮಾಸ್ಟ್ರೇ? ನೀವು ಹೇಳಿದ್ದನ್ನು ನಾವು ನಂಬಿದ್ದೇವೆ. ನಂಬದೆ ಇದ್ದಿದ್ರೆ ಆ ಬಾವಿ ಅಲ್ಲೇ ಇರ್ತಿತ್ತು. ಈಗ ನೀರು ಬೇರೆ ಬೇರೆ ಆಯ್ತು. ಕಲ್ಲು ಸಾಲದು ಅಂತಾದ್ರೆ ಹೇಳಿ, ಆವೆಮಣ್ಣು ತುಂಬಿಸಿ ಮೆಟ್ಟಿಸುವ."

ಆವೆಮಣ್ಣು ಮೆಟ್ಟಿದ ಬಾವಿಯಿಂದ ಹನಿ ನೀರು ಏಳುವುದಿಲ್ಲ. ಅದು ನನಗೂ ಗೊತ್ತು, ಮಾಸ್ಟ್ರಿಗೂ ಗೊತ್ತು. ಅವರು ಪುತ್ತೂರಿಗೆ ಹೋಗಿ ತಾಲೂಕು ಕಚೇರಿಯಲ್ಲಿ ಹೇಳಿ ಬಂದರು. ನೋಡುವ ಅಂದರಂತೆ.

ಕೆಳಮನೆಯ ಹೆಂಗಸರು ಬಿಸಿಲಿನಲ್ಲಿ ದೂರದ ಸಣ್ಣ ಹಳ್ಳಕ್ಕೆ, ನಾವು ತೋಡು ಅನ್ನುವುದು, ಅಲ್ಲಿಗೆ ಹೋಗತೊಡಗಿದರು. ತೋಡೂ ಬತ್ತಿತ್ತು, ಮರಳು ಬಗೆದು ಒರತೆ ಕಾಯಬೇಕು. ಅಜ್ಜಿ ಒಂದು ದಿನ ಖಾಲಿ ಕೊಡ ಹಿಡಿದುಕೊಂಡು ಬಂದು ಶಾಲೆಯ ಕೆಳಗೆ ನಿಂತಿತು. ಸಿಟ್ಟೇ ಇಲ್ಲದ ಸ್ವರದಲ್ಲಿ, "ಮಾಸ್ಟ್ರೇ, ಇನ್ನೂ ಯಾವುದಾದ್ರೂ ಪಾಠ ಬಾಕಿ ಉಂಟಾ?" ಎಂದು ಕೇಳಿತು.

ಅಂದಿನಿಂದ ಮಾಸ್ಟ್ರು ಬೇರೆಯೇ ಆದರು. ಲೋಟದಲ್ಲಿ ನೀರು ಕೊಟ್ಟರೆ ಕುಡಿಯದೆ ನೋಡುತ್ತಾ ಕೂತಿರುತ್ತಿದ್ದರು. ಬಾಟ್ಲಿ, ಗಾಜು ಶಾಲೆಯ ಕಿಟಕಿಯಲ್ಲಿ ಧೂಳು ತಿನ್ನುತ್ತಿದ್ದವು. ಸಂಜೆ ಶಾಲೆ ಬಿಟ್ಟ ಮೇಲೆ ಆ ಕಲ್ಲುರಾಶಿಯ ಹತ್ತಿರ ಹೋಗಿ ನಿಂತು ಬರುವುದು ಅವರ ಅಭ್ಯಾಸವಾಯಿತು. ಸತ್ತವರನ್ನು ಹೂತ ಜಾಗಕ್ಕೆ ಹೋಗಿ ಬರುವ ಹಾಗೆ...

ಒಂದು ಬೆಳಗ್ಗೆ, ಬೆಳಕು ಹರಿಯುತ್ತಿರುವಾಗ ಆ ದಾರಿಯಲ್ಲಿ ಬರುತ್ತಿದ್ದೆ. ಕಲ್ಲುರಾಶಿಯ ಒಳಗಿನಿಂದ ಸದ್ದು. ಕರ್ ಎಂದು ಗೀರುವ ಸದ್ದು, ಆಮೇಲೆ ನೀರು ತೊಟ್ಟಿಕ್ಕುವ ಸದ್ದು. ಹತ್ತಿರ ಹೋದರೆ, ಪೊದೆಯ ಮರೆಯ ಮೂಲೆಯಲ್ಲಿ ಅಜ್ಜಿ ಮತ್ತು ಅವಳ ಸೊಸೆ. ನಾಲ್ಕು ಕಲ್ಲು ಎತ್ತಿಟ್ಟು, ಕೈ ಹೋಗುವಷ್ಟು ಮಾಟೆ ಮಾಡಿ, ಕೋಲಿಗೆ ಕಟ್ಟಿದ ತೆಂಗಿನ ಗೆರಟೆಯನ್ನು ಇಳಿಸಿ ಸಂದಿಯಿಂದ ನೀರು ಎತ್ತುತ್ತಿದ್ದರು. ನನ್ನನ್ನು ಕಂಡು ಇಬ್ಬರೂ ಕಲ್ಲಾದರು. ನಾನು ಮುಖ ತಿರುಗಿಸಿ ಹೋದೆ. ಮಾಸ್ಟ್ರಿಗೆ ಮಾತ್ರ ಹೇಳಿದೆ.

ಆ ಸಂಜೆ ಅವರು ಕಲ್ಲುರಾಶಿಯ ಮೇಲೆ ಮಂಡಿಯೂರಿ ಕಿವಿ ಇಟ್ಟರು. "ಎಷ್ಟು ಕಲ್ಲು ಹಾಕಿದ್ರೂ ಸಂದಿ ಇರುತ್ತಲ್ಲ. ಸಂದಿ ಇದ್ದಲ್ಲೆಲ್ಲ ನೀರು ಬಂದು ನಿಲ್ಲುತ್ತೆ, ಮೇಲಿನ ಬಾವಿಯ ಮಟ್ಟಕ್ಕೇ. ಬೇರೆ ಆಗೇ ಇಲ್ಲ" ಅಂದರು. ಹೇಳುತ್ತಾ ಹೇಳುತ್ತಾ ಮುಖ ಅರಳಿತು, ಮರುಕ್ಷಣವೇ ಬಾಡಿತು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಇದು ಯಾರಿಗೂ ಗೊತ್ತಾಗಬಾರದು. ಗೊತ್ತಾದ್ರೆ ಆವೆಮಣ್ಣು ಬರುತ್ತೆ." ಕಂಡದ್ದನ್ನೆಲ್ಲ ಹತ್ತು ಜನರಿಗೆ ತೋರಿಸದೆ ನಿದ್ದೆ ಬಾರದ ಮನುಷ್ಯ ಅವರು. ಅವರ ಬಾಯಲ್ಲಿ ಈ ಮಾತು ಕೇಳಿ ನನಗೆ ಹೆದರಿಕೆಯಾಯಿತು.

ಶಾಲೆಗೆ ರಜೆ ಸಿಗುವ ಮೊದಲು ಧಣಿಗಳು ಮಕ್ಕಳಿಗೆ ಬೆಲ್ಲ ಅವಲಕ್ಕಿ ಹಂಚಲು ಬರುವ ಕ್ರಮವಿತ್ತು. ಅವರ ಮಗನ ಮಗಳೂ ಅದೇ ಶಾಲೆಯಲ್ಲಿ ಕಲಿಯುತ್ತಿದ್ದಳು. ಎರಡು ಜಡೆಯ ಚುರುಕಿನ ಹುಡುಗಿ, ಮಾಸ್ಟ್ರಿಗೆ ಅವಳೆಂದರೆ ಪ್ರಾಣ. ನಾನು ಕಿಟಕಿಯ ಹೊರಗೆ ಬಾವಿಯ ಕಟ್ಟೆಗೆ ಕಲ್ಲು ಕೆತ್ತುತ್ತಿದ್ದೆ. ಧಣಿಗಳು ಒಳಗೆ ಕುರ್ಚಿಯಲ್ಲಿ ಕೂತಿದ್ದರು. ಆ ಹುಡುಗಿ ಎದ್ದು ಹೋಗಿ ಕಿಟಕಿಯಲ್ಲಿದ್ದ ಹಲಗೆಯನ್ನು ಎತ್ತಿ ಮೇಜಿನ ಮೇಲಿಟ್ಟಳು. ಬೆಳಗ್ಗೆಯೇ ಬಂದು ಬಾಡಿದ ದಂಟನ್ನು ತೆಗೆದು ಹೊಸತು ಸಿಕ್ಕಿಸಿದ್ದಳು. ಲಾಟೀನಿನ ಗಾಜಿನ ತುಂಬ ಜಲ್ಲಿಕಲ್ಲು ಹಾಕಿದ್ದಳು.

"ಮಾಸ್ಟ್ರೇ, ನೋಡಿ! ಕಲ್ಲು ತುಂಬಿದ್ರೂ ನೀರು ಸಮವೇ ನಿಲ್ತದೆ!"

ಬಾಟ್ಲಿಗೆ ನೀಲಿ ನೀರು ಹೊಯ್ದಳು. ನೀಲಿ ನಿಧಾನವಾಗಿ ಜಲ್ಲಿಯ ಸಂದಿಯಲ್ಲಿ ಏರತೊಡಗಿತು. ಧಣಿಗಳು ಕುರ್ಚಿಯಿಂದ ಮುಂದಕ್ಕೆ ಬಾಗಿದರು. ನನ್ನ ಕೈಯ ಉಳಿ ನಿಂತಿತು. ಹಿಂದಿನ ಸಾಲಿನಲ್ಲಿ ಕೆಳಮನೆಯ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅವರಿಗೆ ಗೊತ್ತಿತ್ತು, ಬೆಳಗ್ಗೆ ಮನೆಯಲ್ಲಿ ಕುಡಿದ ನೀರು ಎಲ್ಲಿಯದೆಂದು.

ಮಾಸ್ಟ್ರು ಮೇಜಿನ ಹತ್ತಿರ ಹೋದರು. ಹಲಗೆಯನ್ನು ಸರಿ ಮಾಡುವವರ ಹಾಗೆ ಒಂದು ಕೈಯಿಂದ ಹಿಡಿದುಕೊಂಡರು. ಆ ಕೈಯ ಹೆಬ್ಬೆರಳು ಪಪ್ಪಾಯಿ ದಂಟಿನ ಮೇಲೆ ಕೂತಿತು. ನಾನಿದ್ದ ಕಿಟಕಿಯ ಕಡೆಗೆ ಅದು ಸರಿಯಾಗಿ ಕಾಣುತ್ತಿತ್ತು. ಅದುಮಿದರು. ದಂಟು ಸಣ್ಣಗೆ ಚಪ್ಪಟೆಯಾಯಿತು, ಉಗುರು ಬಿಳಿಯಾಯಿತು. ಇನ್ನೊಂದು ಕೈಯಿಂದ ಬಾಟ್ಲಿಗೆ ನೀರು ಹೊಯ್ದರು. ಬಾಟ್ಲಿಯ ನೀರು ಬಾಯಿಯವರೆಗೆ ಏರಿತು. ಜಲ್ಲಿಯೊಳಗಿನ ನೀಲಿ ಇದ್ದಲ್ಲೇ ನಿಂತಿತು.

"ನೋಡು. ಸಮ ಇಲ್ಲ. ಕಲ್ಲು ತಡೆಯುತ್ತೆ. ನೀನು ಹೇಳಿದ್ದು ತಪ್ಪು."

"ಇಲ್ಲ ಮಾಸ್ಟ್ರೇ, ನಾನು ಬೆಳಗ್ಗೆ..."

"ತಪ್ಪು ಅಂದೆನಲ್ಲ. ಕೂತ್ಕೋ."

ಆ ಶಾಲೆಯಲ್ಲಿ ಅವರು ಯಾವ ಮಗುವಿಗೂ ಅಷ್ಟು ಒರಟಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಹುಡುಗಿ ಅಳಲಿಲ್ಲ. ಅವರ ಮುಖವನ್ನೊಮ್ಮೆ ನೋಡಿ ಕೂತಳು. ಧಣಿಗಳು ಹಿಂದಕ್ಕೆ ಒರಗಿ ನಕ್ಕರು. "ನಮ್ಮ ಹುಡುಗಿಗೆ ನಾಲಿಗೆ ಉದ್ದ ಮಾಸ್ಟ್ರೇ, ಬುದ್ಧಿ ಗಿಡ್ಡ. ಹಾಗಾದ್ರೆ ಕಲ್ಲೇ ಸಾಕು, ಆವೆಮಣ್ಣು ಬೇಡ." ಮಾಸ್ಟ್ರು ಹಲಗೆಯನ್ನು ಎತ್ತಿಕೊಂಡು ಹೊರಗೆ ಬಂದು ಎಲ್ಲವನ್ನೂ ಚೆಲ್ಲಿದರು. ಗಾಜು ಒಡೆಯಿತು. ನನ್ನ ಕಡೆ ನೋಡಲಿಲ್ಲ.

ರಜೆಯಲ್ಲೇ ವರ್ಗ ಮಾಡಿಸಿಕೊಂಡರು. ಅವರ ಟ್ರಂಕನ್ನು ತಲೆಯ ಮೇಲಿಟ್ಟು ಕಾಣಿಯೂರಿನವರೆಗೆ ನಡೆದೆ. ಬಸ್ಸು ಬರುವ ಸದ್ದು ಕೇಳಿದ ಮೇಲೆ, "ಆ ಮಗು ಸರಿಯಾಗಿ ಹೇಳಿತ್ತು. ಇನ್ನು ಅದು ತನ್ನ ಕಣ್ಣನ್ನೇ ನಂಬುವುದಿಲ್ಲ ನೋಡಿ. ಬಾವಿ ಮುಚ್ಚಿಸಿದ್ದಕ್ಕಿಂತ ದೊಡ್ಡ ತಪ್ಪು ಇದು" ಅಂದರು. ನನಗೆ ಅಂಥ ಮಾತೆಲ್ಲ ಬರುವುದಿಲ್ಲ. ಟ್ರಂಕನ್ನು ಬಸ್ಸಿನ ಮೇಲೆ ಕಟ್ಟಿ ಇಳಿದೆ.

ಸರಕ್ಕನೆ ಏನೂ ಬದಲಾಗಲಿಲ್ಲ. ಕೆಲವು ಬೇಸಿಗೆ ಕೆಳಮನೆಯವರು ಆ ಕಲ್ಲಿನ ಸಂದಿಯ ನೀರಿನಲ್ಲೇ ಬದುಕಿದರು. ಆಮೇಲೆ ಸರಕಾರದ ಬಾವಿ ಬಂತು, ಅದನ್ನು ತೋಡಿದವನೂ ನಾನೇ. ಈಗ ಬೋರುವೆಲ್ಲು, ನಲ್ಲಿ. ಯಾರ ನೀರು ಎಲ್ಲಿಂದ ಬರುತ್ತದೆಂದು ಯಾರೂ ಕೇಳುವುದಿಲ್ಲ. ಮಾಸ್ಟ್ರ ಸುದ್ದಿ ಒಮ್ಮೆ ಮಾತ್ರ ಸಿಕ್ಕಿತು. ಕಲ್ಲುಗುಂಡಿ ಪೇಟೆಯಲ್ಲಿ ಬಸ್ಸಿಗೆ ಕಾಯುವಾಗ ಘಟ್ಟದ ಮೇಲಿನ ಒಬ್ಬರು ಹೇಳಿದರು, ತೀರಿಕೊಂಡು ಕೆಲವು ವರ್ಷಗಳಾದವಂತೆ. ಕೊನೆಯವರೆಗೂ ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸುವ ಕ್ಲಾಸನ್ನೇ ಕೇಳಿ ಪಡೆಯುತ್ತಿದ್ದರಂತೆ. ದೊಡ್ಡ ಕ್ಲಾಸು ಕೊಟ್ಟರೆ ಬೇಡ ಎನ್ನುತ್ತಿದ್ದರಂತೆ...

ದಂಟು ಹೆಕ್ಕಿದ ಆ ದಿನ ಕಳೆದು ಸ್ವಲ್ಪ ಸಮಯಕ್ಕೆ ಸುಳ್ಯದಲ್ಲಿ ಒಂದು ಗೃಹಪ್ರವೇಶದ ಊಟದಲ್ಲಿ ಧಣಿಗಳ ಮೊಮ್ಮಗಳು ಸಿಕ್ಕಿದಳು. ಈಗ ಅವಳೂ ಅಜ್ಜಿ, ಕಿವಿ ಸ್ವಲ್ಪ ಮಂದ. ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಇನ್ನು ಎಷ್ಟು ದಿನ ಎಂದು ಇಟ್ಟುಕೊಳ್ಳುವುದು ಅನ್ನಿಸಿ ಹೇಳಿಯೇ ಬಿಟ್ಟೆ. "ಅಕ್ಕಾ, ಆವತ್ತು ಶಾಲೆಯಲ್ಲಿ ನೀವು ಹೇಳಿದ್ದು ಸರಿ ಇತ್ತು. ಮಾಸ್ಟ್ರು ದಂಟು ಅದುಮಿದ್ರು."

ಅವಳು ಐಸ್ ಕ್ರೀಮಿನ ಚಮಚವನ್ನು ಕೆಳಗಿಟ್ಟಳು. "ಗೊತ್ತುಂಟಲ್ಲ ಅಣ್ಣ. ಅವರ ಹೆಬ್ಬೆರಳು ನನಗೂ ಕಾಣ್ತಿತ್ತು. ಮನೆಗೆ ಹೋಗಿ ಪುನಃ ಮಾಡಿ ನೋಡಿದೆ, ಸಮವೇ ನಿಂತಿತು. ಎಂತ ಮಾಡ್ತಿ ಅಂತ ಅಜ್ಜ ಕೇಳಿದ್ರು. ಆಟ ಅಂದೆ."

"ಅಜ್ಜನಿಗೆ ಯಾಕೆ ಹೇಳ್ಲಿಲ್ಲ?"

"ಮಾಸ್ಟ್ರ ಕೈ ನಡುಗ್ತಿತ್ತು. ಅಷ್ಟು ನಡುಗುವ ಕೈಯಲ್ಲಿ ಅಷ್ಟು ಗಟ್ಟಿ ಹಿಡಿಬೇಕಾದ್ರೆ ಎಂತದೋ ಉಂಟು ಅಂತ ಅನ್ನಿಸಿತು. ಸುಮ್ಮನೆ ಹಿಡಿತಾರಾ?"

ಅವಳ ಮಗಳು ಬಂದು ಕೈಹಿಡಿದು ಎಬ್ಬಿಸಿದಳು, ಕಾರು ಬಂದಿತ್ತು. ನಾನು ಅಲ್ಲೇ ಕೂತಿದ್ದೆ. ಎಲೆ ಎತ್ತುವವರು ಬಂದರು, ಹೋದರು. ಆ ಹುಡುಗಿ ಎಲ್ಲವನ್ನೂ ನೋಡಿದ್ದಳು, ತಿಳಿದುಕೊಂಡಿದ್ದಳು, ಬಾಯಿ ಮುಚ್ಚಿಕೊಂಡಿದ್ದಳು. ಒಂದು ಮಗುವಿನ ಕಣ್ಣು ಕೆಡಿಸಿದೆನೆಂದು ಕೊರಗುತ್ತಲೇ ಬಸ್ಸು ಹತ್ತಿದ ಮನುಷ್ಯನಿಗೆ ಇದೊಂದು ಮಾತು ಮುಟ್ಟಬೇಕಿತ್ತು. ಹೇಳಲು ಈಗ ನನ್ನಲ್ಲಿ ಮಾತು ಉಂಟು, ಕೇಳಲು ಅವರಿಲ್ಲ.